ಹಳದಿ ಗಾಲಿಯ ರೈಲು

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿ ಒಂದು ಗಾಲಿ ಸಿಕ್ಕಿತು.

"ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಕರೆದಳು. ಹೋಗಿ ನೋಡಿದರೆ ಅವಳ ಕೈಯಲ್ಲಿದ್ದ ಪಾವಿನೊಳಗೆ, ಅಕ್ಕಿಯ ನಡುವೆ, ಕೆಂಪು ಬಣ್ಣದ ಮರದ ಗಾಲಿ ಎರಡು ಹೋಳಾಗಿ ಕೂತಿತ್ತು. ಅದು ಯಾವುದರ ಗಾಲಿ ಎಂದು ನನಗೆ ತಕ್ಷಣ ಗೊತ್ತಾಯಿತು. ಅಲ್ಲಿಗೆ ಹೇಗೆ ಬಂತು ಎಂಬುದೂ ಗೊತ್ತಾಯಿತು. ಯಾಕೆಂದರೆ ಬಾಗಿಲ ಮರೆಯಲ್ಲಿ ನಿಂತಿದ್ದ ನಮ್ಮ ಐದು ವರ್ಷದ ಮೊಮ್ಮಗ ಪುಟ್ಟ ಆ ಹೊತ್ತಿಗೆ ಅಳಲು ಶುರು ಮಾಡಿಯಾಗಿತ್ತು.

ಗಾಲಿ ಅವನ ಅಮ್ಮನ ರೈಲಿನದು. ಅಂದರೆ ನನ್ನ ಮಗಳದು. ನಲವತ್ತು ವರ್ಷ ಹಳೆಯ ಚನ್ನಪಟ್ಟಣದ ಮರದ ರೈಲು. ಅವಳು ಅಂಬೆಗಾಲಿಡುವಾಗ ತಂದದ್ದು. ಮದುವೆಯಾಗಿ ಹೋಗುವಾಗ ಸೀರೆಗಳ ಪೆಟ್ಟಿಗೆಯಲ್ಲಿ ಅದನ್ನೂ ಇಟ್ಟುಕೊಂಡು ಹೋಗಿದ್ದಳು. ಪುಟ್ಟ ಅದನ್ನು ಮೆಟ್ಟಿಲ ಮೇಲಿಂದ 'ಘಾಟಿ ಇಳಿಸಿದ್ದಾನೆ'. ನಾಲ್ಕನೇ ಮೆಟ್ಟಿಲಿನಲ್ಲಿ ಅಪಘಾತ. ಮಗಳು ಆಫೀಸಿನ ಕೆಲಸದ ಮೇಲೆ ಪರಊರಿಗೆ ಹೋಗಿದ್ದಳು, ಭಾನುವಾರ ಬರುವವಳಿದ್ದಳು. ಅಷ್ಟರವರೆಗೆ ಗಾಲಿ ಅಕ್ಕಿಯಲ್ಲಿ ಭದ್ರವಾಗಿರುತ್ತದೆ ಎಂಬುದು ಅವನ ಲೆಕ್ಕ. ಅಜ್ಜಿ ದಿನಾ ಅನ್ನ ಮಾಡುತ್ತಾಳೆ ಎಂಬುದನ್ನು ಅವನು ಮರೆತಿದ್ದ.

"ತಾತ, ಅಮ್ಮಂಗೆ ಹೇಳಬೇಡ" ಎಂದ.

ಎಂಟು ವರ್ಷದ ಅವನ ಅಕ್ಕ ಚಿನ್ನಿ ನ್ಯಾಯಾಧೀಶರ ಹಾಗೆ ಹೇಳಿದಳು: "ಹೇಳದೇ ಇದ್ರೆ ಅದು ಸುಳ್ಳು ಹೇಳಿದ ಹಾಗೇ."

ನಾನು ಎರಡು ಕಡೆಗೂ ಸೇರದೆ, "ಮೊದಲು ಗಾಲಿ ಮಾಡಿಸೋಣ, ಆಮೇಲೆ ಯೋಚನೆ ಮಾಡೋಣ" ಎಂದೆ. ಮರುದಿನ ಶನಿವಾರ. ಅಜ್ಜಿಗೆ ಮಂಡಿನೋವು, ಬರುವುದಿಲ್ಲ ಎಂದಳು. ಚಿತ್ರಾನ್ನ, ಮೊಸರನ್ನ, ಎರಡು ಬಾಟಲಿ ನೀರು, ಒಂದು ಟವೆಲ್ ಕಟ್ಟಿಕೊಟ್ಟಳು. ರೈಲು ಕೈಚೀಲದಲ್ಲಿ. ಹೀಗೆ ನಾವು ಮೂವರು ಒಂದು ಆಟಿಕೆ ರೈಲನ್ನು ನಿಜವಾದ ರೈಲಿನಲ್ಲಿ ಕೂರಿಸಿಕೊಂಡು ಹೊರಟೆವು.

ಕಿಟಕಿಯ ಪಕ್ಕ

ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಸುಮಾರು 60 ಕಿಲೋಮೀಟರ್. ಕೆಂಗೇರಿ, ಹೆಜ್ಜಾಲ, ಬಿಡದಿ, ರಾಮನಗರ, ಆಮೇಲೆ ಚನ್ನಪಟ್ಟಣ. ಚಿನ್ನಿಗೆ ಅರ್ಧ ಟಿಕೆಟ್. ಹಿರಿಯ ನಾಗರಿಕರಿಗೆ ರೈಲಿನಲ್ಲಿ ಸಿಗುತ್ತಿದ್ದ ರಿಯಾಯಿತಿ 2020ರಲ್ಲೇ ನಿಂತಿದೆ, ಹಾಗಾಗಿ ತಾತನಿಗೆ ಪೂರ್ತಿ ಟಿಕೆಟ್. "ತಾತ, ನೀನು ದೊಡ್ಡವನಾಗಿಬಿಟ್ಟೆಯಲ್ಲ, ಅದಕ್ಕೆ" ಎಂದು ಚಿನ್ನಿ ಸಮಾಧಾನ ಹೇಳಿದಳು.

ರಾಮನಗರ ಬಂದಾಗ ಬಂಡೆ ಬೆಟ್ಟಗಳನ್ನು ತೋರಿಸಿದೆ. 1975ರಲ್ಲಿ ಬಂದ 'ಶೋಲೆ' ಚಿತ್ರವನ್ನು ಇಲ್ಲೇ ತೆಗೆದದ್ದು, ಇಲ್ಲಿನ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮವಿದೆ ಎಂದೆ. ಶೋಲೆಯ ಬಗ್ಗೆ ಇಬ್ಬರಿಗೂ ಏನೂ ಅನ್ನಿಸಲಿಲ್ಲ. ರಣಹದ್ದು ಎಂದ ಕೂಡಲೇ ಇಬ್ಬರೂ ಕಿಟಕಿಗೆ ಅಂಟಿಕೊಂಡರು. ಒಂದೂ ಕಾಣಲಿಲ್ಲ. ಆದರೂ ಪುಟ್ಟ ಆಮೇಲೆ ಕಂಡ ಎರಡು ಕಾಗೆಗಳನ್ನು ರಣಹದ್ದಿನ ಮರಿಗಳೆಂದೇ ಲೆಕ್ಕಕ್ಕೆ ಸೇರಿಸಿಕೊಂಡ.

ನಾನು ಆ ಊರನ್ನು ಯಾಕೆ ಬಲ್ಲೆ ಎಂದು ಹೇಳಬೇಕು. ಎಂಬತ್ತರ ದಶಕದಲ್ಲಿ ನಾನು ಅಲ್ಲಿನ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಆಗ ಕಂಪ್ಯೂಟರ್ ಇಲ್ಲ. ಎಲ್ಲ ಲೆಕ್ಕವನ್ನೂ ದಪ್ಪ ಲೆಡ್ಜರಿನಲ್ಲಿ ಕೈಯಿಂದಲೇ ಬರೆಯಬೇಕು. ಬಡವರಿಗೆ ನೂರಕ್ಕೆ ನಾಲ್ಕು ಬಡ್ಡಿಯಲ್ಲಿ ಡಿಆರ್‌ಐ ಎಂಬ ಸಾಲ ಕೊಡುತ್ತಿದ್ದರು. ಮಕ್ಕಳೇ, ಲೆಕ್ಕ ಮಾಡಿ ನೋಡಿ: ಸಾವಿರ ರೂಪಾಯಿಗೆ ವರ್ಷಕ್ಕೆ 40 ರೂಪಾಯಿ ಬಡ್ಡಿ. ಗೊಂಬೆ ಮಾಡುವವರಲ್ಲಿ ಕೆಲವರು ಆ ಸಾಲ ಪಡೆದು ಮರ, ಅರಗು ಕೊಳ್ಳುತ್ತಿದ್ದರು.

ಅವರಲ್ಲಿ ಒಬ್ಬ ಹಿರಿಯರು ತಿಂಗಳು ತಪ್ಪದೆ ಕಂತು ಕಟ್ಟುತ್ತಿದ್ದರು. ಬೆರಳ ತುದಿಗೆ ಯಾವಾಗಲೂ ಬಣ್ಣ. ಆಗ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತಿತ್ತು. ಒಂದು ದಿನ ಅವರು ಎರಡು ಗಂಟೆ ಐದು ನಿಮಿಷಕ್ಕೆ ಬಂದರು. ಬಿಸಿಲಿನಲ್ಲಿ ನಡೆದು ಬಂದಿದ್ದರು. "ಕ್ಯಾಶ್ ಮುಚ್ಚಿತು, ನಾಳೆ ಬನ್ನಿ" ಎಂದೆ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿ. ಅವರು ಏನೂ ಅನ್ನದೆ ಹೊರಟುಹೋಗಿ ಮರುದಿನ ಮತ್ತೆ ಬಂದು ಕಟ್ಟಿದರು. ಕೋಪವೇ ಇಲ್ಲ. ನನಗೇ ನಾಚಿಕೆಯಾಗಿ ಆ ಭಾನುವಾರ ಅವರ ಮನೆ ಹುಡುಕಿಕೊಂಡು ಹೋಗಿ, ಮಗಳಿಗೆ ಒಂದು ರೈಲು ಕೊಂಡೆ. ದುಡ್ಡು ಬೇಡವೆಂದರು, ನಾನು ಒಪ್ಪಲಿಲ್ಲ. ಎಂಟು ರೂಪಾಯಿ ಕೊಟ್ಟೆ. "ಗಾಲಿ ಬಿದ್ರೆ ತಗೊಂಡು ಬನ್ನಿ ಸಾರ್, ಹಾಕಿಕೊಡ್ತೀನಿ" ಎಂದಿದ್ದರು.

ಗಾಲಿ ಬೀಳಲು ನಲವತ್ತು ವರ್ಷ ಬೇಕಾಯಿತು.

ಎರಡು ಗಂಟೆ ಐದು ನಿಮಿಷ

ಸ್ಟೇಷನ್ನಿನಿಂದ ಆಟೋ ಹಿಡಿದು ಆ ಬೀದಿಗೆ ಹೋದೆವು. ನಾನು ಬಲ್ಲ ಮನೆ ಅಲ್ಲಿರಲಿಲ್ಲ. ಅದೇ ಜಾಗದಲ್ಲಿ ಮೊಬೈಲ್ ಅಂಗಡಿ. ವಿಚಾರಿಸಿದರೆ, ಅಂಗಡಿಯ ಹುಡುಗನಿಗೆ ಅಂಥವರು ಇದ್ದರೆಂಬುದೇ ಗೊತ್ತಿಲ್ಲ. ಅವರು ಇರಲಾರರು ಎಂದು ನನಗೂ ಗೊತ್ತಿತ್ತು. ಆದರೂ ಕಾಲು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ಮುಖ್ಯ ರಸ್ತೆಯ ಗೊಂಬೆ ಅಂಗಡಿಗಳಲ್ಲಿ ಕೇಳಿದೆವು. "ರಿಪೇರಿ ಇಲ್ಲ ಸಾರ್, ಹೊಸದು ತಗೊಳ್ಳಿ" ಎಂದರು. ಅವರನ್ನು ತಪ್ಪೆನ್ನಲಾರೆ. 2023ರಲ್ಲಿ ಉದ್ಘಾಟನೆಯಾದ ಹೊಸ ದಶಪಥ ಹೆದ್ದಾರಿ ಊರಿನ ಹೊರಗಿನಿಂದಲೇ ಹಾದುಹೋಗುತ್ತದೆ. ಮೊದಲು ಮೈಸೂರಿಗೆ ಹೋಗುವ ಕಾರುಗಳೆಲ್ಲ ಈ ಅಂಗಡಿಗಳ ಮುಂದೆಯೇ ಹಾಯಬೇಕಿತ್ತು. ಮಕ್ಕಳು ಹಟ ಮಾಡುತ್ತಿದ್ದರು, ಅಪ್ಪಂದಿರು ಬ್ರೇಕ್ ಹಾಕುತ್ತಿದ್ದರು. ಈಗ ಊರು ಬಂದದ್ದೂ ಗೊತ್ತಾಗದೆ ಕಾರು ಮುಂದೆ ಹೋಗಿರುತ್ತದೆ. ಒಬ್ಬ ಅಂಗಡಿಯವರು, "ಶನಿವಾರ ಮಧ್ಯಾಹ್ನ, ನೀವೇ ಮೊದಲ ಗಿರಾಕಿ" ಎಂದರು. ಪುಟ್ಟ ಕೇಳಿದ, "ಹಾಗಾದ್ರೆ ಇಷ್ಟೊಂದು ಗೊಂಬೆ ಯಾರ ಜೊತೆ ಆಡುತ್ತೆ?" ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅವರೇ ಕಲಾನಗರದ ಕಡೆ ಹೋಗಿ ಕೇಳಿ ಎಂದರು. ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ಊಟ ಮುಗಿಸಿದೆವು. ಆಮೇಲೆ ಎರಡು ಕಡೆ ಬಾಗಿಲು ತಟ್ಟಿದೆವು. ಮೂರನೆಯದರಲ್ಲಿ ಒಬ್ಬ ಹೆಂಗಸು ಕೆಲಸದ ಶೆಡ್ಡಿಗೆ ಬೀಗ ಹಾಕುತ್ತಿದ್ದರು. ನಲವತ್ತೈದರ ವಯಸ್ಸಿರಬಹುದು. ತಲೆಯ ಮೇಲೆ ಸೆರಗು, ಅದರ ಮೇಲೆಲ್ಲ ಮರದ ಪುಡಿ.

"ಊಟಕ್ಕೆ ಹೊರಟೆ ಅಪ್ಪಾಜಿ, ಮೂರೂವರೆ ಮೇಲೆ ಬನ್ನಿ" ಎಂದರು.

ಗಡಿಯಾರ ನೋಡಿಕೊಂಡೆ. ಎರಡು ಗಂಟೆ ಐದು ನಿಮಿಷ. ನಾನೇನು ಹೇಳಲಿ? ಸುಮ್ಮನೆ ನಿಂತೆ. ಅಷ್ಟರಲ್ಲಿ ಪುಟ್ಟ ಮುಂದೆ ಹೋಗಿ ಅಂಗೈ ಬಿಚ್ಚಿ ಎರಡು ಹೋಳು ತೋರಿಸಿದ. "ನಮ್ಮಮ್ಮಂದು. ನಾನೇ ಮುರಿದಿದ್ದು" ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ.

ಆಕೆ ಅವನ ಮುಖ ನೋಡಿದರು. ಬೀಗ ತೆಗೆದರು.

ಗಾಲಿ ಹುಟ್ಟಿದ್ದು

ಚೀಲದಿಂದ ರೈಲು ತೆಗೆದುಕೊಟ್ಟೆ. ಆಕೆ ಅದನ್ನು ತಿರುಗಿಸಿ, ತಟ್ಟಿ, ಮೂಸಿ ನೋಡಿ, "ಆಲೆ ಮರ. ಹಳೇ ಕೈ ಕೆಲಸ" ಎಂದರು. ಉಳಿದ ಮೂರು ಗಾಲಿಗಳಲ್ಲಿ ಒಂದರ ಅಳತೆಯನ್ನು ಎರಡು ಕಾಲಿನ ಕಬ್ಬಿಣದ ಸಾಧನದಿಂದ ತೆಗೆದುಕೊಂಡರು.

ಚನ್ನಪಟ್ಟಣದ ಗೊಂಬೆಗೆ ಮೊದಲಿನಿಂದ ಬಳಸುವುದು ಆಲೆ ಮರ. ಬಿಳುಪು, ಮೃದು, ನಯ. ಕಡಿದ ಮರವನ್ನು ಚೆನ್ನಾಗಿ ಒಣಗಿಸಿಯೇ ಕೆಲಸಕ್ಕೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಆಮೇಲೆ ಬಿರುಕು ಬಿಡುತ್ತದೆ. ಆಕೆ ಒಣಗಿದ ಒಂದು ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಗಿರ್ರೆಂದು ಮರ ತಿರುಗಿತು. ಉಳಿ ಮುಟ್ಟಿಸಿದೊಡನೆ ತೆಂಗಿನಕಾಯಿ ತುರಿಯ ಹಾಗೆ ಬಿಳಿ ಹೊಟ್ಟು ಹಾರಿತು. ಪುಟ್ಟನ ತಲೆಯೆಲ್ಲ ಬೆಳ್ಳಗಾಯಿತು. "ತಾತನ ತಲೆ ಆಯ್ತು" ಎಂದು ಚಿನ್ನಿ ನಕ್ಕಳು. ನೋಡನೋಡುತ್ತಿದ್ದಂತೆ ಚೌಕದ ತುಂಡು ಗುಂಡಾಯಿತು. ನಡುವೆ ತೂತು ಬಿತ್ತು.

"ಬಣ್ಣ ಯಾವುದು ಹಾಕಲಿ?" ಎಂದು ಆಕೆ ಕೇಳಿದ್ದು ನನ್ನನ್ನಲ್ಲ, ಪುಟ್ಟನನ್ನು.

"ಕೆಂಪು ಹಾಕಿಬಿಡಿ" ಎಂದೆ ನಾನು. ಕೆಂಪಾದರೆ ಗೊತ್ತಾಗುವುದಿಲ್ಲ ಎಂಬ ಗುಮಾಸ್ತನ ಬುದ್ಧಿ.

"ಹಳದಿ" ಎಂದ ಪುಟ್ಟ.

ಆಕೆ ಒಂದು ಹಳದಿ ಕಡ್ಡಿಯನ್ನು ತಿರುಗುವ ಗಾಲಿಗೆ ಒತ್ತಿ ಹಿಡಿದರು. ಅದು ಬಣ್ಣ ಬೆರೆಸಿದ ಅರಗು. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚವಿಲ್ಲ, ಒಲೆಯಿಲ್ಲ. ಅರಗು ಎಂದ ಕೂಡಲೇ ಚಿನ್ನಿಯ ಕಿವಿ ನೆಟ್ಟಗಾಯಿತು. "ಪಾಂಡವರ ಅರಗಿನ ಮನೆಯ ಅರಗು ಇದೇನಾ?" ಹೌದು, ಅದೇ. ಮರದ ಕೊಂಬೆಗಳ ಮೇಲೆ ಸಣ್ಣ ಹುಳುಗಳು ಮಾಡುವ ಅಂಟು. ಬಿಸಿಗೆ ಬೇಗ ಕರಗುತ್ತದೆ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ದುರ್ಯೋಧನ ಅದನ್ನೇ ಯಾಕೆ ಆರಿಸಿದ ಎಂದು ಅವಳಿಗೆ ಆ ಶೆಡ್ಡಿನಲ್ಲಿ ಅರ್ಥವಾಯಿತು. ಎಳೆಯ ಮಕ್ಕಳು ಬಾಯಿಗಿಡುವ ಗೊಂಬೆಗಳಿಗೆ ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣಗಳನ್ನೇ ಅರಗಿಗೆ ಬೆರೆಸುತ್ತಾರಂತೆ.

ಕೊನೆಗೆ ಆಕೆ ಕೇದಗೆಯ ಒಂದು ಗರಿ ತೆಗೆದು ಗಾಲಿಯ ಮೇಲೆ ಒತ್ತಿದರು. ಮಂಕಾಗಿದ್ದ ಹಳದಿ ಒಂದೇ ಗಳಿಗೆಯಲ್ಲಿ ಕನ್ನಡಿಯ ಹಾಗೆ ಹೊಳೆಯಿತು. ಮಕ್ಕಳಿಬ್ಬರೂ ಒಟ್ಟಿಗೆ "ಆಂ!" ಎಂದರು.

ಈ ಕಲೆಯನ್ನು ಇಲ್ಲಿ ಬೆಳೆಸಲು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ್ದನೆಂಬುದು ಪರಂಪರೆಯಿಂದ ಬಂದ ಮಾತು. ಇಂದು ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಂದರೆ ಬೇರೆ ಊರಿನಲ್ಲಿ ಮಾಡಿದ ಗೊಂಬೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಇದನ್ನು ಹೇಳಿದಾಗ ಆಕೆ, "ಹೆಸರು ಚೆನ್ನಾಗೇ ಇದೆ ಅಪ್ಪಾಜಿ. ಕೈಗಳೇ ಕಮ್ಮಿ ಆಗ್ತಿವೆ" ಎಂದರು. ಅವರ ಮಗ ಬಿಡದಿಯ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನಂತೆ. ಮಗಳು ಪಿಯುಸಿ. "ರಜದಲ್ಲಿ ಬಂದು ಕೂರ್ತಾಳೆ. ಅವಳ ಕೈ ನನಗಿಂತ ಚೆಂದ. ಆದ್ರೆ ಇದನ್ನೇ ಮಾಡು ಅಂತ ನಾನು ಹೇಳಲ್ಲ" ಎಂದರು.

ಗಾಲಿಗೆ ಎಷ್ಟು ಎಂದು ಕೇಳಿದೆ. "ಮಗು ಕೆಲಸಕ್ಕೆ ದುಡ್ಡೇನು" ಎಂದರು. ನಲವತ್ತು ವರ್ಷದ ಹಿಂದಿನ ಮಾತೇ ಮತ್ತೆ. ನಾನೂ ಹಳೆಯ ಹಟವನ್ನೇ ಮಾಡಿದೆ. ಕೊನೆಗೆ 20 ರೂಪಾಯಿ ತೆಗೆದುಕೊಂಡರು. ಮಕ್ಕಳಿಗೆ ಎರಡು ಬುಗುರಿ, ಪಕ್ಕದ ಮನೆಯ ಕೂಸಿಗೆ ಒಂದು ಗಿಲಕಿ ಅವರಲ್ಲೇ ಕೊಂಡೆವು. ಅವರ ಊಟ ಮೂರು ಗಂಟೆಯ ಮೇಲಾಯಿತು. ನಾನು ಕ್ಷಮೆ ಕೇಳಿದೆ. ಅದರಲ್ಲಿ ಅರ್ಧ ಕ್ಷಮೆ ಇನ್ನೊಬ್ಬರಿಗೆ ಸಲ್ಲಬೇಕಾದದ್ದು ಎಂದು ಆಕೆಗೆ ಹೇಳಲಿಲ್ಲ.

ಭಾನುವಾರ

ವಾಪಸು ಬರುವ ರೈಲಿನಲ್ಲಿ ಮದ್ದೂರು ವಡೆ ಬಂತು. ಈರುಳ್ಳಿ ಕಂಡರೆ ದೂರ ಸರಿಯುವ ಪುಟ್ಟ ಒಂದೂವರೆ ವಡೆ ತಿಂದು, ರೈಲನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಮಾಡಿದ. ಮನೆಗೆ ಬಂದು ಅಭ್ಯಾಸದಂತೆ ದಿನದ ಖರ್ಚು ಬರೆದೆ. ಲೆಕ್ಕ ಸರಿಹೋಯಿತು.

ಭಾನುವಾರ ಸಂಜೆ ಮಗಳು ಬಂದಳು. ಚೀಲ ಕೆಳಗಿಡುವ ಮೊದಲೇ ಶೋಕೇಸಿನ ಕಡೆ ನೋಡಿ, "ಇದೇನು, ಒಂದು ಗಾಲಿ ಹಳದಿ?" ಎಂದಳು. ನಾನು ಪೇಪರ್ ಎತ್ತಿ ಮುಖಕ್ಕೆ ಹಿಡಿದೆ. ಅಜ್ಜಿ ಒಳಗೆ ಹೋದಳು. ಚಿನ್ನಿ ತಮ್ಮನನ್ನೇ ನೋಡುತ್ತಿದ್ದಳು.

ಪುಟ್ಟ ಎಲ್ಲ ಹೇಳಿದ. ಮೆಟ್ಟಿಲು, ಅಕ್ಕಿ ಡಬ್ಬ, ರಣಹದ್ದು, ಉಳಿ, ಅರಗು, ಕೇದಗೆ ಗರಿ. ಹೇಳುತ್ತಾ ಹೇಳುತ್ತಾ ತಪ್ಪಿನ ಭಾಗ ಸಣ್ಣದಾಗಿ, ಗಾಲಿ ಹುಟ್ಟಿದ ಭಾಗವೇ ದೊಡ್ಡದಾಯಿತು. ಮಗಳು ನೆಲದ ಮೇಲೆ ಕೂತು ಪೂರ್ತಿ ಕೇಳಿದಳು. ಆಮೇಲೆ ರೈಲಿಗೆ ದಾರ ಕಟ್ಟಿ ಎಳೆದಳು. ಹೊಸ ಗಾಲಿ ಸ್ವಲ್ಪ ಬಿಗಿ, ಕಿರ್ರೆನ್ನುತ್ತದೆ. ಓಡುತ್ತದೆ.

ಅಜ್ಜ-ಅಜ್ಜಿಯರಿಗೆ ನಾಲ್ಕು ಮಾತು

* ಚಿಕ್ಕ ಊರಿಗೆ ಮಕ್ಕಳನ್ನು ಕರೆದೊಯ್ಯುವಾಗ ಹತ್ತು ಕಡೆ ನೋಡುವ ಪಟ್ಟಿ ಬೇಡ, ಒಂದೇ ಒಂದು ಕೆಲಸ ಇಟ್ಟುಕೊಳ್ಳಿ. ಉಳಿದದ್ದು ದಾರಿಯಲ್ಲಿ ತಾನಾಗಿ ಸಿಗುತ್ತದೆ.
* ಊಟ, ನೀರು, ಟೋಪಿ, ಒಂದು ಜೊತೆ ಬಟ್ಟೆ ಜೊತೆಗಿರಲಿ. ನಿಮ್ಮ ಮಾತ್ರೆಗಳನ್ನೂ ಮರೆಯಬೇಡಿ.
* ಸಮೀಪದ ದೊಡ್ಡಮಳೂರಿನ ಅಪ್ರಮೇಯ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಗೆ ಬಹಳ ಇಷ್ಟವಾಗುತ್ತಾನೆ. ಮಧ್ಯಾಹ್ನ ಬಾಗಿಲು ಹಾಕಿರುವುದರಿಂದ ಬೆಳಿಗ್ಗೆ ಅಥವಾ ಸಂಜೆ ಹೋಗಿ.
* ಕಾರಿನಲ್ಲಿ ಹೋಗುವವರು ಹೊಸ ಹೆದ್ದಾರಿ ಬಿಟ್ಟು ಒಮ್ಮೆ ಹಳೆಯ ರಸ್ತೆಗೆ ಇಳಿಯಿರಿ. ಒಂದು ಬುಗುರಿಯನ್ನಾದರೂ ಕೊಳ್ಳಿ. ಚೌಕಾಸಿ ಮಾಡುವ ಮೊದಲು, ಅದನ್ನು ಮಾಡುವುದನ್ನು ಮಕ್ಕಳ ಜೊತೆ ನಿಂತು ನೋಡಿ.