ರಸದಲ್ಲಿ ಹುಳಿ, ಸಿಪ್ಪೆಯಲ್ಲಿ ಪರಿಮಳ

ಮಕ್ಕಳೇ, ಬೇಸಿಗೆ ಬಂತೆಂದರೆ ಸಾನಮಾವು, ಹೊಸೂರು ಕಡೆಯ ಮನೆಗಳಲ್ಲಿ ನಿಂಬೆ ಶರಬತ್ತು ಶುರುವಾಗುತ್ತದೆ. ಹಣ್ಣನ್ನು ಎರಡು ಹೋಳು ಮಾಡಿ ರಸ ಹಿಂಡುತ್ತೇವೆ, ಸಿಪ್ಪೆ ಎಸೆದುಬಿಡ್ತೀವಿ. ಅಲ್ವಾ? ಆದರೆ ಬ್ರೆಜಿಲ್ ದೇಶದ ಕೈಪಿರೀನ್ಯ ಎಂಬ ಪಾನೀಯಕ್ಕೆ ನಿಂಬೆಯನ್ನು ಸಿಪ್ಪೆ ಸಮೇತ ಸಕ್ಕರೆಯೊಡನೆ ಜಜ್ಜುತ್ತಾರೆ. ಅಲ್ಲಿ ದೊಡ್ಡವರು ಅದಕ್ಕೆ ಕಬ್ಬಿನ ಹಾಲಿನಿಂದ ತಯಾರಿಸಿದ ಮದ್ಯ ಸೇರಿಸುತ್ತಾರೆ. ಅದು ನಮಗೆ ಬೇಡ. ಜಜ್ಜುವ ಉಪಾಯ ಮಾತ್ರ ತೆಗೆದುಕೊಳ್ಳೋಣ, ಬರೀ ನೀರು ಬೆರೆಸೋಣ.

ಬೇಕಾದ ವಸ್ತುಗಳು: 2 ನಿಂಬೆಹಣ್ಣು, 4 ಚಮಚ ಸಕ್ಕರೆ, ಕುಡಿಯುವ ತಣ್ಣೀರು, 2 ಲೋಟ, ಒಂದು ಮರದ ಸೌಟು.

ಮಾಡುವ ವಿಧಾನ: ಹಣ್ಣುಗಳನ್ನು ಚೆನ್ನಾಗಿ ತೊಳೆಯಿರಿ. ಮೊದಲ ಲೋಟಕ್ಕೆ ಒಂದು ಹಣ್ಣಿನ ರಸ ಮಾತ್ರ ಹಿಂಡಿ, 2 ಚಮಚ ಸಕ್ಕರೆ ಹಾಕಿ. ಇನ್ನೊಂದು ಹಣ್ಣನ್ನು ಎಂಟು ಹೋಳು ಮಾಡಿ, ಬೀಜ ಮತ್ತು ನಡುವಿನ ಬಿಳಿ ದಿಂಡು ತೆಗೆದು, 2 ಚಮಚ ಸಕ್ಕರೆಯೊಡನೆ ಎರಡನೇ ಲೋಟದಲ್ಲಿ ಹಾಕಿ. ಸೌಟಿನ ಹಿಡಿಯಿಂದ ಏಳೆಂಟು ಸಲ ಮೆಲ್ಲಗೆ ಒತ್ತಿ. ಚಟ್ನಿ ಮಾಡಬೇಡಿ! ಎರಡಕ್ಕೂ ಸಮನಾಗಿ ನೀರು ಹಾಕಿ, ಕಲಕಿ, ಮೂಸಿ ನೋಡಿ, ಕುಡಿದು ನೋಡಿ.

ಏನು ವ್ಯತ್ಯಾಸ? ಎರಡರಲ್ಲೂ ಹುಳಿ ಇದೆ. ಅದು ರಸದಲ್ಲಿರುವ ಸಿಟ್ರಿಕ್ ಆಮ್ಲದ್ದು. ಆದರೆ ಎರಡನೇ ಲೋಟದ ಘಮವೇ ಬೇರೆ. ನಿಂಬೆಯ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿಮೋನೀನ್ ಎಂಬ ವಸ್ತು. ಸಕ್ಕರೆಯ ಹರಳುಗಳು ಮರಳಿನ ಹಾಗೆ ಉಜ್ಜಿ ಈ ಚೀಲಗಳನ್ನು ಒಡೆಯುತ್ತವೆ, ಹೊರಬಂದ ಎಣ್ಣೆ ಹರಳುಗಳಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ತಣ್ಣೀರಿನಲ್ಲಿ ಸಕ್ಕರೆ ನಿಧಾನವಾಗಿ ಕರಗುತ್ತದೆ. ಜಜ್ಜುವಾಗಲೇ ಅದು ಸ್ವಲ್ಪ ರಸದಲ್ಲಿ ಕರಗಿದರೆ ತಳದಲ್ಲಿ ಉಳಿಯುವುದು ಕಡಿಮೆ.

ಹಾಗಾದರೆ ಜೋರಾಗಿ ಜಜ್ಜಿದರೆ ಇನ್ನೂ ಚೆನ್ನಾಗಿರುತ್ತದಾ? ಇಲ್ಲ. ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಮತ್ತು ಬೀಜದಲ್ಲಿ ಕಹಿ ವಸ್ತುಗಳಿವೆ, ಜಾಸ್ತಿ ಜಜ್ಜಿದರೆ ಅವೂ ಇಳಿಯುತ್ತವೆ. ಇವುಗಳಲ್ಲಿ ಲಿಮೋನಿನ್ ಮುಖ್ಯವಾದದ್ದು. ತಾಜಾ ಹಣ್ಣಿನಲ್ಲಿ ಇದು ಕಹಿಯಿಲ್ಲದ ರೂಪದಲ್ಲಿರುತ್ತದೆ. ಹುಳಿ ರಸ ಸೇರಿದ ಮೇಲೆ ಮೆಲ್ಲಮೆಲ್ಲಗೆ ಕಹಿಯಾಗುತ್ತದೆ. ಅದಕ್ಕೇ ಈ ಶರಬತ್ತನ್ನು ಮಾಡಿದ ಕೂಡಲೇ ಕುಡಿಯಬೇಕು. ಅರ್ಧ ಲೋಟ ಎತ್ತಿಟ್ಟು ಸಂಜೆ ರುಚಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಎಚ್ಚರ! ಕೆಲಸ ಮುಗಿದ ಕೂಡಲೇ ಕೈಯನ್ನು ಮೊಣಕೈವರೆಗೂ ಸೋಪು ಹಾಕಿ ತೊಳೆಯಿರಿ. ನಿಂಬೆ ಸಿಪ್ಪೆಯಲ್ಲಿ ಫ್ಯೂರೋಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲೆ ಉಳಿದು ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಸುಟ್ಟಂತೆ ಕೆಂಪಾಗಬಹುದು, ಗುಳ್ಳೆಯೂ ಏಳಬಹುದು. ಇದು ಆಗಲೇ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ. ಆಮೇಲೆ ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದ ಈ ಪ್ರಯೋಗವನ್ನು ಅಂಗಳದ ಬಿಸಿಲಿನಲ್ಲಿ ಮಾಡಬೇಡಿ, ನೆರಳಿನಲ್ಲೇ ಮಾಡಿ. ಜಾತ್ರೆಯಲ್ಲೋ ಶಾಲೆಯ ಆಟದ ದಿನವೋ ಬಿಸಿಲಿನಲ್ಲಿ ನಿಂತು ನಿಂಬೆ ಹಿಂಡುವವರಿಗೂ ಈ ಮಾತು ಹೇಳಿ.

ಈಗ ಯೋಚಿಸಿ: ನಿಂಬೆ ಉಪ್ಪಿನಕಾಯಿಗೆ ಸಿಪ್ಪೆ ಸಮೇತ ಹಣ್ಣು ಹಾಕುತ್ತೇವಲ್ಲ, ಅದರ ಕಹಿ ದಿನ ಕಳೆದಂತೆ ಕಡಿಮೆಯಾಗುತ್ತದೆಯೇ? ಮನೆಯಲ್ಲಿ ಅಜ್ಜಿಯನ್ನು ಕೇಳಿ, ಉತ್ತರ ಬರೆದು ವಿಜ್ಞಾನ ಶಿಕ್ಷಕರಿಗೆ ಕೊಡಿ.