ಸಾರಥಿಯ ಗೂಡು

ವಿಮಾನದಲ್ಲಿ ಪ್ರಯಾಣ ಮಾಡುವವರು ತಮಗೆ ದೊರೆತ ಆಸನದ ಗುಣದೋಷಗಳನ್ನು ಕುರಿತು ಮಾತನಾಡುವುದು ಲೋಕರೂಢಿಯೇ ಆಗಿದೆ. ಕಾಲು ಚಾಚಲು ಎಡೆಯಿಲ್ಲವೆಂದೋ, ಕಿಟಕಿಯ ಬದಿ ಸಿಕ್ಕಲಿಲ್ಲವೆಂದೋ ಕೊರಗುತ್ತೇವೆ. ಆದರೆ ಮುಂದಣ ಮುಚ್ಚಿದ ಬಾಗಿಲಿನಾಚೆ, ನಮ್ಮೆಲ್ಲರ ಪ್ರಾಣಗಳ ಹೊಣೆ ಹೊತ್ತು ಕುಳಿತಿರುವ ಇಬ್ಬರಿಗೆ ಎಂತಹ ಆಸನವಿದೆಯೆಂದು ವಿಚಾರಿಸುವವರು ವಿರಳ. ವಿಮಾನಚಾಲಕರಾದರೋ ಒಂದೆಡೆ ಕಲೆತಾಗ ಈ ಚರ್ಚೆಯನ್ನು ಬಿಡುವುದಿಲ್ಲ: ಯಾವ ವಿಮಾನದ ಕಾಕ್‌ಪಿಟ್ಟು ಲೇಸು, ಯಾವುದು ಇಕ್ಕಟ್ಟು? ಇದು ಕೇವಲ ಸುಖಾಪೇಕ್ಷೆಯ ಮಾತಲ್ಲ. ಹಿಂದೆ ಕುಳಿತವರ ಕ್ಷೇಮವೂ ಇದರಲ್ಲಿ ಅಡಗಿದೆ. ಅದನ್ನು ವಾಚಕರಿಗೆ ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಕಾಕ್‌ಪಿಟ್ ಎಂಬ ಇಂಗ್ಲಿಷ್ ಮಾತಿಗೆ ಮೊದಲಿನ ಅರ್ಥ, ಹುಂಜಗಳ ಕಾಳಗ ನಡೆಸುವ ಕುಳಿ ಎಂದು. ಸಂಸ್ಕೃತದಲ್ಲಿ ರಥದ ಒಳಗಣ ಪೀಠಸ್ಥಾನಕ್ಕೆ ರಥನೀಡವೆಂಬ ಹೆಸರುಂಟು, ನೀಡವೆಂದರೆ ಗೂಡು. ಕುಳಿಗಿಂತ ಗೂಡೇ ಮೇಲಾದುದರಿಂದ ನಾವು ಇದನ್ನು ಗೂಡೆಂದೇ ಕರೆಯುವೆವು.

ಮೊದಲ ಕಾಲದ ಗೂಡುಗಳಲ್ಲಿ ಸೌಖ್ಯವೆಂಬುದು ಅಲ್ಪವೇ ಆಗಿತ್ತು. 1932ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ತಂದುದೂ, ಅಲ್ಲಿಂದ ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮಾರ್ಗವಾಗಿ ಅದನ್ನು ಮದರಾಸಿಗೆ ಒಯ್ದುದೂ ಪುಸ್ ಮಾತ್ ಎಂಬ, ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. 1936ರಲ್ಲಿ ಸೇವೆಗೆ ಬಂದ ಡಗ್ಲಸ್ ಡಿಸಿ-3 ಜಗತ್ಪ್ರಸಿದ್ಧವಾದ ವಿಮಾನ. ಆದರೂ ಮಳೆಯಲ್ಲಿ ಹೊಕ್ಕರೆ ಮುಂಗಾಜಿನ ಸಂದಿನಿಂದ ನೀರು ಸೋರಿ ಚಾಲಕರ ತೊಡೆ ತೋಯುತ್ತಿತ್ತು.

ಹೀಗೆ ಸೋರುವ ಗೂಡಿನಲ್ಲಿಯೂ ಒಂದು ದೊಡ್ಡ ಗುಣವಿದ್ದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳಕಿಗೆ ಬಂದಿತು. ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಸುಖವಾಗಿ ನೆಲಕ್ಕಿಳಿದ ಮೇಲೆ, ಚಾಲಕರು ರೆಕ್ಕೆಯ ಹಿಂದಣ ಫ್ಲ್ಯಾಪುಗಳನ್ನು ಮಡಿಸಲು ಹೋಗಿ, ಗಾಲಿಗಳನ್ನೇ ಮಡಿಸಿ ವಿಮಾನವನ್ನು ನೆಲಕ್ಕೆ ಕೆಡಹುತ್ತಿದ್ದರು. ಚಾಲಕರ ಅಜಾಗ್ರತೆಯೇ ಇದಕ್ಕೆ ಕಾರಣವೆಂದು ಎಲ್ಲರೂ ಭಾವಿಸಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಗೂಡಿನೊಳಗೆ ಹೋಗಿ ನೋಡಲಾಗಿ, ಆ ಎರಡು ಹಿಡಿಗಳೂ ಒಂದೇ ರೂಪದವಾಗಿ ಪಕ್ಕಪಕ್ಕದಲ್ಲಿದ್ದುವು. ಡಿಸಿ-3ರ ಸೇನಾರೂಪವಾದ ಸಿ-47ರಲ್ಲಿ ಹಾಗಿಲ್ಲದುದರಿಂದ ಅದರ ಚಾಲಕರಿಗೆ ಈ ಭ್ರಮೆಯೇ ಉಂಟಾಗುತ್ತಿರಲಿಲ್ಲ. ಉಪ್ಪನ್ನೂ ಸಕ್ಕರೆಯನ್ನೂ ಒಂದೇ ತೆರನಾದ ಭರಣಿಗಳಲ್ಲಿ ತುಂಬಿ ಒಂದೇ ಹಲಗೆಯ ಮೇಲಿಟ್ಟು, ಪಾಯಸ ಕೆಟ್ಟಾಗ ಗೃಹಿಣಿಯನ್ನು ಬಯ್ಯುವುದು ಎಷ್ಟರ ನ್ಯಾಯವೋ ಇದೂ ಅಷ್ಟೇ ಅಲ್ಲವೆ? ಚಪಾನಿಸರು ಗಾಲಿಯ ಹಿಡಿಗೆ ಗಾಲಿಯ ಆಕಾರವನ್ನೂ, ಫ್ಲ್ಯಾಪಿನ ಹಿಡಿಗೆ ಬೆಣೆಯ ಆಕಾರವನ್ನೂ ಕೊಡಿಸಿದರು. ಕತ್ತಲಲ್ಲಿಯೂ ಕೈಯೇ ಇದು ಯಾವುದೆಂದು ಹೇಳತಕ್ಕ ಆ ಏರ್ಪಾಡು ಇಂದಿಗೂ ಪ್ರಯಾಣಿಕ ವಿಮಾನಗಳಲ್ಲಿ ಉಳಿದಿದೆ.

ಇನ್ನು ಆಸನದ ವಿಚಾರ. ಗೂಡನ್ನು ಸಾಧಾರಣ ಮೈಕಟ್ಟಿನವನಿಗೆ ಹೊಂದುವಂತೆ ಕಟ್ಟಿದರೆ ಸಾಕೆಂಬುದು ಹಿಂದಿನವರ ಮತ. 1950ರಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕರು ಅಮೆರಿಕದ ವಾಯುಸೇನೆಯ 4,063 ಚಾಲಕರ ಅಳತೆಗಳನ್ನು ಪರಿಶೀಲಿಸಿದರು. ಎತ್ತರ, ಎದೆ, ತೋಳು ಮೊದಲಾದ 10 ಅಳತೆಗಳಲ್ಲಿಯೂ ನಡುಮಟ್ಟದವನಾದ ಒಬ್ಬನೂ ಅವರಲ್ಲಿರಲಿಲ್ಲ! ಸಾಧಾರಣನಿಗೆಂದು ಕಟ್ಟಿದ ಗೂಡು ಯಾರಿಗೂ ಸರಿಹೊಂದದೆಂದಾಯಿತು. ಆದುದರಿಂದಲೇ ಇಂದು ಚಾಲಕನ ಆಸನವೂ ಕಾಲಿನ ಮೆಟ್ಟುಗಳೂ ಹಿಂದು ಮುಂದಾಗಿ ಸರಿಯುವಂತೆ ಮಾಡಿದ್ದಾರೆ. ಏರ್‌ಬಸ್ ವಿಮಾನಗಳ ಮುಂಗಾಜಿನ ನಡುಗಂಬದಲ್ಲಿ ಬಣ್ಣದ ಪುಟ್ಟ ಗುಂಡುಗಳಿವೆ. ಒಂದು ಗುಂಡು ಇನ್ನೊಂದರ ಹಿಂದೆ ಮರೆಯಾಗುವವರೆಗೆ ಆಸನವನ್ನು ಏರಿಸಿ ಇಳಿಸಿ ಕುಳಿತರೆ, ಚಾಲಕನು ಕುಳ್ಳನಾಗಲಿ ಉದ್ದನಾಗಲಿ, ಅವನ ಕಣ್ಣು ತಕ್ಕ ಸ್ಥಾನಕ್ಕೆ ಬರುತ್ತದೆ. 2021ರ ಜನವರಿಯಲ್ಲಿ ಬೋಯಿಂಗ್ 777 ವಿಮಾನವೊಂದನ್ನು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ, ಸುಮಾರು 17 ಗಂಟೆಗಳ ಕಾಲ, ಸ್ತ್ರೀಯರೇ ನಡೆಸಿ ತಂದರು. ಪುರುಷಪ್ರಮಾಣದ ಕದಲದ ಪೀಠಗಳೇ ಉಳಿದಿದ್ದರೆ ಇಂತಹ ಕಾರ್ಯವು ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ಊಹಿಸಬಹುದು.

ಈಗ ಚಾಲಕರ ಮುಖ್ಯವಾದ ವಾದಕ್ಕೆ ಬರೋಣ. ಅದು ಬೋಯಿಂಗ್ 737 ಮತ್ತು ಏರ್‌ಬಸ್ ಎ-320 ಇವೆರಡರ ನಡುವಣದು. 1967ರಲ್ಲಿ ಮೊದಲು ಹಾರಿದ 737, ತನಗಿಂತ ಹಿರಿದಾದ 707ರ ಅಗಲವನ್ನೇ ಪಡೆದುದು. ಅದರ ಒಡಲು 3.76 ಮೀಟರು. 1987ರಲ್ಲಿ ಹಾರಿದ ಎ-320ರ ಒಡಲು 3.95 ಮೀಟರು. 737ರ ಗೂಡು ಇಕ್ಕಟ್ಟು, ಗಾಳಿಯ ಮೊರೆತ ಹೆಚ್ಚು, ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳಬೇಕು ಎಂಬುದು ಅದರ ಚಾಲಕರ ಚಿರಪರಿಚಿತ ದೂರು. ಹಳೆಯದನ್ನು ಕಲಿತವರಿಗೆ ಹೊಸದರ ಶಿಕ್ಷಣಕ್ಕಾಗಿ ಹೆಚ್ಚು ವೆಚ್ಚವಾಗಬಾರದೆಂಬ ಕಾರಣದಿಂದ, 2017ರಲ್ಲಿ ಸೇವೆಗೆ ಬಂದ 737 ಮ್ಯಾಕ್ಸಿನಲ್ಲಿಯೂ ತಲೆಯ ಮೇಲಣ ಗುಂಡಿಗಳ ಹಲಗೆಯು ಬಹುಮಟ್ಟಿಗೆ ಹಳೆಯ ಕ್ರಮದಲ್ಲಿಯೇ ಇದೆ. ಎ-320ರಲ್ಲಾದರೋ ಚಾಲಕನ ಮುಂದೆ ಚುಕ್ಕಾಣಿಯೇ ಇಲ್ಲ. ಹೊರಮಗ್ಗುಲಲ್ಲಿ ಒಂದು ಕಿರುದಂಡವಿದೆ. ತೆರವಾದ ಸ್ಥಳದಲ್ಲಿ ಎಳೆದು ಬಿಡಿಸುವ ಮೇಜಿದೆ. ಅದರ ಮೇಲೆ ಊಟವನ್ನೂ ಮಾಡಬಹುದು, ನಕ್ಷೆಯನ್ನೂ ಹರಡಬಹುದು.

ಇಷ್ಟನ್ನು ಕೇಳಿದವರು ಏರ್‌ಬಸ್ಸೇ ಗೆದ್ದಿತೆಂದು ತೀರ್ಮಾನಿಸಿಯಾರು. ಆದರೆ ಬೋಯಿಂಗ್ ಪಕ್ಷದವರಿಗೂ ಉತ್ತರವಿದೆ. ಅವರ ವಿಮಾನದಲ್ಲಿ ಎರಡು ಚುಕ್ಕಾಣಿಗಳೂ ಕೂಡಿಕೊಂಡಿರುವುದರಿಂದ, ಒಬ್ಬನು ಎಳೆದರೆ ಇನ್ನೊಬ್ಬನ ಮುಂದಿನದೂ ಚಲಿಸುತ್ತದೆ. ಯಂತ್ರವು ತಾನಾಗಿ ಎಂಜಿನ್ನಿನ ಬಲವನ್ನು ಹೆಚ್ಚುಕಡಿಮೆ ಮಾಡುವಾಗ ಬಲದ ಹಿಡಿಗಳೂ ಕೈಯಡಿಯಲ್ಲಿ ಸರಿಯುತ್ತವೆ. ಏರ್‌ಬಸ್ಸಿನಲ್ಲಿ ಆ ಹಿಡಿಗಳು ನಿಂತಲ್ಲಿಯೇ ನಿಂತಿರುತ್ತವೆ. ಒಬ್ಬನ ದಂಡದ ಚಲನೆಯು ಇನ್ನೊಬ್ಬನ ದಂಡಕ್ಕೆ ಮುಟ್ಟುವುದಿಲ್ಲ.

ಈ ವಾದದ ಗುರುತ್ವವು 2009ರ ಜೂನ್ 1ರಂದು ತಿಳಿದುಬಂದಿತು. ರಿಯೋ ಡಿ ಜನೈರೋದಿಂದ ಪ್ಯಾರಿಸಿಗೆ ಹೊರಟ ಏರ್‌ಬಸ್ ಎ-330 ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದು 228 ಮಂದಿ ಮೃತರಾದರು. ವೇಗವನ್ನು ಅಳೆಯುವ ನಳಿಕೆಗಳಲ್ಲಿ ಹಿಮ ಕಟ್ಟಿದುದರಿಂದ ಅನರ್ಥವು ಆರಂಭವಾಯಿತು. ಬಲಗಡೆಯ ಸಹಚಾಲಕನು ದಂಡವನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದನು. ಆ ಎಳೆತದಿಂದ ಎಡಗಡೆಯ ದಂಡವು ಅಲುಗಲಿಲ್ಲ. ದುರಂತಕ್ಕೆ ಇದೊಂದೇ ಕಾರಣವೆನ್ನುವುದು ಅನ್ಯಾಯ. ಆದರೂ ಜೊತೆಗಾರನ ಕೈ ಏನು ಮಾಡುತ್ತಿದೆಯೆಂಬುದು ತನ್ನ ಕೈಗೆ ತಿಳಿಯಬೇಕೆಂಬ ಮಾತಿಗೆ ಆಮೇಲೆ ಬೆಲೆ ಬಂದಿತು. 2018ರಲ್ಲಿ ಅನುಮತಿ ಪಡೆದ ಗಲ್ಫ್‌ಸ್ಟ್ರೀಮ್ ಜಿ-500 ಎಂಬ ಚಿಕ್ಕ ವಿಮಾನದಲ್ಲಿ ಪಕ್ಕದ ದಂಡಗಳೇ ಇದ್ದು, ಒಂದು ಚಲಿಸಿದರೆ ಇನ್ನೊಂದೂ ಚಲಿಸುವಂತೆ ಮಾಡಿದ್ದಾರೆ. ಸ್ಥಳವೂ ಉಳಿಯಿತು, ಸ್ಪರ್ಶವೂ ಉಳಿಯಿತು.

ಇದರಿಂದ ನಾವು ಗ್ರಹಿಸತಕ್ಕದ್ದೇನೆಂದರೆ, ಸಾರಥಿಯ ಸೌಖ್ಯವು ಎರಡು ಬಗೆಯದು. ದೇಹವನ್ನು ದಣಿಸದಿರುವುದು ಒಂದು. ಬುದ್ಧಿಯನ್ನು ಮೋಸಗೊಳಿಸದಿರುವುದು ಇನ್ನೊಂದು. ಮೇಜು ಮೊದಲನೆಯದನ್ನು ಕೊಟ್ಟಿತು, ಕೂಡಿದ ಚುಕ್ಕಾಣಿ ಎರಡನೆಯದನ್ನು. ಎರಡನ್ನೂ ಕೇಳುವ ಚಾಲಕರನ್ನು ಸುಖಲೋಲುಪರೆಂದು ಹಳಿಯುವುದು ಸಲ್ಲದು.

ವಾಚಕರು ಇನ್ನೊಮ್ಮೆ ವಿಮಾನವನ್ನೇರುವಾಗ, ಮುಂದಣ ಬಾಗಿಲಿನಲ್ಲಿ ಹೊಕ್ಕು, ಗೂಡಿನ ಕದ ತೆರೆದಿದ್ದರೆ ಎಡಕ್ಕೆ ಒಂದು ಕ್ಷಣ ನೋಡಲಿ. ಆಸನದ ಮುಂದೆ ಕೊಂಬುಗಳುಳ್ಳ ಚುಕ್ಕಾಣಿ ಕಂಡರೆ ಅದು ಬೋಯಿಂಗ್ ಆಗಿರಬಹುದು. ಅದಿಲ್ಲದೆ ತೆರವು ಕಂಡರೆ ಏರ್‌ಬಸ್ ಆಗಿರಬಹುದು. ಗಾಲಿಯ ಆಕಾರದ ಆ ಪುಟ್ಟ ಹಿಡಿಯಂತೂ ಎರಡರಲ್ಲಿಯೂ ಇರುತ್ತದೆ.