ನಿಮಗಿದು ಗೊತ್ತೇ? ಉಟ್ಟ ಬಟ್ಟೆಯಲ್ಲೂ ಜೀವಕೋಶ!

ಹತ್ತಿಯ ಒಂದು ಎಳೆಯಲ್ಲಿ ಎಷ್ಟು ಜೀವಕೋಶಗಳಿರಬಹುದು, ಹೇಳಿ ನೋಡೋಣ? ಸಾವಿರ? ನೂರು? ಅಲ್ಲವೇ ಅಲ್ಲ. ಒಂದೇ ಒಂದು! ಹತ್ತಿಬೀಜದ ಸಿಪ್ಪೆಯ ಮೇಲಿನ ಒಂದು ಕೋಶ ಬೆಳೆಯುತ್ತ ಬೆಳೆಯುತ್ತ ಸುಮಾರು 3 ಸೆಂಟಿಮೀಟರ್ ಉದ್ದವಾಗುತ್ತದೆ. ದಪ್ಪ ಮಾತ್ರ ನಿಮ್ಮ ತಲೆಗೂದಲಿಗಿಂತ ಕಡಿಮೆ. ಕಾಯಿ ಒಡೆಯುವ ಹೊತ್ತಿಗೆ ಒಳಗಿನ ಜೀವ ಹೋಗಿ ಸೆಲ್ಯುಲೋಸಿನ ಕೋಶಭಿತ್ತಿಯಷ್ಟೇ ಉಳಿದಿರುತ್ತದೆ. ನಾವು ನೂತು, ನೇಯ್ದು ಉಡುವುದು ಅದನ್ನೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿಯ ರಾಷ್ಟ್ರಧ್ವಜವೂ ಕೋಶಭಿತ್ತಿಗಳದ್ದೇ!

ಮನುಷ್ಯನ ಕಣ್ಣಿಗೆ ಕೋಶ ಬಿದ್ದದ್ದೂ ಹೀಗೆ ಖಾಲಿಯಾಗಿಯೇ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಚಿತ್ರ ಬರೆದು ತೋರಿಸಿದ್ದು ಕಾರ್ಕಿನ ತೆಳು ಚೂರನ್ನು. ಅದರಲ್ಲಿ ಇದ್ದದ್ದು ಬರೀ ಗೋಡೆ!

ಪ್ರಾಣಿಕೋಶಕ್ಕೆ ಗೋಡೆಯೇ ಇಲ್ಲ. ಒಂದು ಪೊರೆ, ಅಷ್ಟೆ. ಎಷ್ಟು ತೆಳು ಗೊತ್ತೇ? ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಒಂದು ಮಿಲಿಮೀಟರ್ ದಪ್ಪವಾಗದು!

ಸೀಬೆಹಣ್ಣಿನ ತಿರುಳು ಹಲ್ಲಿಗೆ ಕರಕರ ಎನ್ನುತ್ತದಲ್ಲ? ನೀವು ಬೀಜ ಎಂದುಕೊಂಡಿದ್ದಿರಿ. ಬೀಜ ಬೇರೆ, ಇದು ಬೇರೆ. ಗೋಡೆಯನ್ನು ವಿಪರೀತ ದಪ್ಪ ಮಾಡಿಕೊಂಡು ಗಟ್ಟಿಯಾದ ಕಲ್ಲುಕೋಶಗಳು ಇವು!

ಹಸಿರು ಮೆಣಸಿನಕಾಯಿ ಕೆಂಪಾಗುವುದು ಹೇಗೆ? ಕಾಯಲ್ಲಿ ಹಸಿರು ತುಂಬಿಟ್ಟದ್ದು ಕ್ಲೋರೋಪ್ಲಾಸ್ಟ್. ಹಣ್ಣಾಗುವಾಗ ಅದೇ ಕ್ಲೋರೋಪ್ಲಾಸ್ಟ್ ಹಸಿರನ್ನು ಕಳಚಿ, ಕೆಂಪು ತುಂಬಿಕೊಂಡು ಕ್ರೋಮೋಪ್ಲಾಸ್ಟ್ ಆಗಿಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಆ ಕಡುಗೆಂಪೆಲ್ಲ ಇದರ ಕೆಲಸ. ಅದನ್ನು ತೆಗೆದು ತುಟಿಬಣ್ಣಕ್ಕೂ ಬಳಸುತ್ತಾರೆ!

ಇಡೀ ಈರುಳ್ಳಿಯನ್ನು ಕಣ್ಣ ಹತ್ತಿರ ಹಿಡಿಯಿರಿ. ಒಂದು ಹನಿಯೂ ಬರದು. ಹೆಚ್ಚಿ ನೋಡಿ, ಧಾರಾಕಾರ! ಗಂಧಕದ ಸಂಯುಕ್ತ ಕೋಶದ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಕೋಶದೊಳಗಿನ ರಸದ ಚೀಲವಾದ ರಸದಾನಿಯಲ್ಲಿ. ಎರಡೂ ಬೇರೆ ಬೇರೆ ಇರುವತನಕ ತಂಟೆಯಿಲ್ಲ. ಚಾಕು ತಾಗಿತೋ, ಎರಡೂ ಸೇರಿ ಕಣ್ಣುರಿಸುವ ಅನಿಲ ಹುಟ್ಟಿತು!

ಕೆಸುವಿನ ಎಲೆಯ ಕೆಲವು ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟುಕಟ್ಟಾಗಿ ಇರುತ್ತವೆ. ಹೌದು, ನಿಜವಾದ ಚೂಪು ಸೂಜಿ! ಹಸಿಯಾಗಿ ಕಚ್ಚಿದರೆ ನಾಲಿಗೆ, ಗಂಟಲಿಗೆಲ್ಲ ಚುಚ್ಚುತ್ತವೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಆ ತುರಿಕೆಗೆ ಅಂಜಿಯೇ!

ಬಲಿತ ಸಸ್ಯಕೋಶದ ನೂರರಲ್ಲಿ ತೊಂಬತ್ತು ಪಾಲನ್ನು ರಸದಾನಿಯೊಂದೇ ಆಕ್ರಮಿಸಬಲ್ಲದು. ಅದರಲ್ಲಿ ನೀರಿದ್ದರೆ ಎಲೆ ಸೆಟೆದಿರುತ್ತದೆ, ಇಲ್ಲದಿದ್ದರೆ ಬಾಡುತ್ತದೆ. ಮುಟ್ಟಿದರೆ ಮುನಿ ಮುದುಡುವುದೂ ಇದೇ ಲೆಕ್ಕ. ಎಲೆಯ ಬುಡದ ಕೋಶಗಳು ಥಟ್ಟನೆ ನೀರು ಬಿಟ್ಟುಕೊಡುತ್ತವೆ. ಸ್ನಾಯು ಇಲ್ಲ, ನರ ಇಲ್ಲ, ಆದರೂ ಆ ವೇಗ!

ಅವರೆಕಾಳನ್ನು ತಲೆಕೆಳಗಾಗಿ ಬಿತ್ತಿದರೂ ಬೇರು ಕೆಳಕ್ಕೇ ಹೋಗುತ್ತದೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟ ತುಂಬಿದ ಭಾರದ ಕಣಗಳಿವೆ. ಅವು ಯಾವ ಕಡೆ ಕುಸಿದವೋ ಅದೇ ಕೆಳಗು!

ಈಗ ನಿಮ್ಮ ಮೈಗೆ ಬನ್ನಿ. ನಿಮ್ಮ ಒಂದು ಕೋಶದ ಕೋಶಕೇಂದ್ರದಲ್ಲಿರುವ ಡಿಎನ್‌ಎಯನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು 2 ಮೀಟರ್. ನಿಮಗಿಂತ ಎತ್ತರ! ಅದು ಮಡಚಿ ಕುಳಿತಿರುವ ಜಾಗವೋ, ಒಂದು ಮಿಲಿಮೀಟರಿನ ನೂರನೇ ಒಂದು ಪಾಲೂ ಅಗಲವಿಲ್ಲ!

ಆದರೆ ನಿಮ್ಮ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೇ ಇಲ್ಲ. ಹುಟ್ಟುವಾಗ ಇರುತ್ತದೆ, ಬಲಿಯುವಾಗ ಹೊರಕ್ಕೆ ತಳ್ಳಿಬಿಡುತ್ತದೆ. ಆಮೇಲೆ ಸುಮಾರು 120 ದಿನ ಹಾಗೇ ದುಡಿಯುತ್ತದೆ. ಕೋಳಿಗೂ ಕಪ್ಪೆಗೂ ಈ ಗೀಳಿಲ್ಲ, ಅವುಗಳ ರಕ್ತಕಣದಲ್ಲಿ ಕೋಶಕೇಂದ್ರ ಭದ್ರ!

ಕಪ್ಪೆ ಎಂದಾಗ ನೆನಪಾಯಿತು. ಗೊದಮೊಟ್ಟೆಯ ಬಾಲ ಎಲ್ಲಿ ಹೋಗುತ್ತದೆ? ಉದುರುವುದಿಲ್ಲ, ಕರಗುತ್ತದೆ. ಕೋಶದೊಳಗಿನ ಲೈಸೋಸೋಮುಗಳ ಕಿಣ್ವಗಳು ಬಾಲವನ್ನು ಜೀರ್ಣಿಸಿಬಿಡುತ್ತವೆ!

ನನ್ನನ್ನು ಕೇಳಿದರೆ ಇಷ್ಟರಲ್ಲೂ ದೊಡ್ಡ ಅಚ್ಚರಿ ಮೈಟೊಕಾಂಡ್ರಿಯ. ಕೋಶಕ್ಕೆ ಶಕ್ತಿ ಒದಗಿಸುವ ಈ ಪುಟ್ಟ ಭಾಗಕ್ಕೆ ತನ್ನದೇ ಡಿಎನ್‌ಎ ಇದೆ. ಅದೂ ಉಂಗುರದ ಆಕಾರದಲ್ಲಿ, ಮನುಷ್ಯರಲ್ಲಿ ಬರೀ 37 ಜೀನುಗಳದ್ದು. ಯಾಕೆ? ಕೋಟ್ಯಂತರ ವರ್ಷಗಳ ಹಿಂದೆ ಇದೊಂದು ಬ್ಯಾಕ್ಟೀರಿಯ! ಇನ್ನೊಂದು ಕೋಶದೊಳಗೆ ಸೇರಿಕೊಂಡದ್ದು ಹೊರಗೆ ಬರಲೇ ಇಲ್ಲ. ಅಮೆರಿಕದ ಲಿನ್ ಮಾರ್ಗುಲಿಸ್ ಈ ವಿಚಾರದ ಪ್ರಬಂಧ ಬರೆದಾಗ ಹಲವು ಪತ್ರಿಕೆಗಳು ಹಿಂದಿರುಗಿಸಿದವು. 1967ರಲ್ಲಿ ಅಂತೂ ಅಚ್ಚಾಯಿತು. ಇವತ್ತು ಅದು ಪಠ್ಯಪುಸ್ತಕದ ಪಾಠ!

ಇನ್ನೂ ಇದೆ, ಕೇಳಿ. ಅಪ್ಪನ ವೀರ್ಯಾಣುವಿನ ಮೈಟೊಕಾಂಡ್ರಿಯಗಳು ಅಂಡಾಣುವನ್ನು ಹೊಕ್ಕ ಮೇಲೆ ನಾಶವಾಗುತ್ತವೆ. ಉಳಿಯುವುದು ಅಮ್ಮನವು. ಅಮ್ಮನಿಗೆ ಅವಳ ಅಮ್ಮನವು, ಆ ಅಜ್ಜಿಗೆ ಅವರ ಅಮ್ಮನವು. ನೀವು ಮೆಟ್ಟಿಲು ಹತ್ತುವುದು ತಾಯಂದಿರ ಸಾಲು ಕೊಟ್ಟ ಕಸುವಿನಿಂದ!

ಕ್ಲೋರೋಪ್ಲಾಸ್ಟಿನ ಕಥೆಯೂ ಅದೇ. ಅದೂ ಹಿಂದೊಮ್ಮೆ ಸ್ವತಂತ್ರ ಬ್ಯಾಕ್ಟೀರಿಯ. ಸಸ್ಯಗಳಿಗೆ ಸಿಕ್ಕಿತು, ಪ್ರಾಣಿಗಳಿಗೆ ಸಿಗಲಿಲ್ಲ ಎಂದು ಶಾಲೆಯಲ್ಲಿ ಓದಿದ್ದೀರಿ, ಅಲ್ಲವೇ?

ಹಾಗಾದರೆ ಉತ್ತರ ಅಮೆರಿಕದ ಪೂರ್ವ ಕರಾವಳಿಯ ಎಲಿಸಿಯ ಕ್ಲೋರೋಟಿಕ ಎಂಬ ಕಡಲ ಗೊಂಡೆಹುಳುವನ್ನು ನೋಡಿ. ಪಾಚಿ ತಿನ್ನುತ್ತದೆ. ಉಳಿದದ್ದನ್ನು ಜೀರ್ಣಿಸಿಕೊಂಡು ಕ್ಲೋರೋಪ್ಲಾಸ್ಟುಗಳನ್ನು ಮಾತ್ರ ಹಾಗೇ ತನ್ನ ಕೋಶಗಳಲ್ಲಿ ಇಟ್ಟುಕೊಳ್ಳುತ್ತದೆ. ಅವು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಮೈಯೆಲ್ಲ ಹಸಿರು, ಆಕಾರವೂ ಎಲೆಯದೇ. ಆದರೆ ಹರಿದಾಡುತ್ತದೆ!